ಆಚೆ ದಡದಲ್ಲಿ ಎರಡು ವರ್ಷ

ಸರೋವರದ ದಂಡೆಯ ಕ್ವಾರ್ಟರ್ಸ್,
ಮಾರ್ಚ್ ೬, ಗುರುವಾರ

ಪ್ರೀತಿಯ ಅಪ್ಪಾ,

ನಿಮ್ಮ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರ್ ಹೇಳಿದ ಮೇಲೂ ಮಾಳಿಗೆಗೆ ಹೋಗಿ ರೇಡಿಯೊ ಬಿಚ್ಚಿಕೊಂಡು ಕೂರುತ್ತೀರಂತೆ, ಅಮ್ಮ ಚಾಡಿ ಹೇಳಿದ್ದಾಳೆ! ನಾನಿಲ್ಲಿ ತುಂಬಾ, ತುಂಬಾ ಚೆನ್ನಾಗಿದ್ದೇನೆ. ನಿಮ್ಮ ಅಳಿಯ ಚಹಾ ಮಾಡುವುದನ್ನು ಕಲಿತಿದ್ದಾರೆ. ಅದನ್ನು ಕುಡಿಯುವುದನ್ನು ನಾನಿನ್ನೂ ಕಲಿಯಬೇಕು.

ಈಗ ಸುದ್ದಿ. ಇವರಿಗೆ ಆಚೆ ದಡದ ದೇಶಕ್ಕೆ ಎರಡು ವರ್ಷ ವರ್ಗವಾಗಿದೆ. ನನಗೆ ಹೋಗಲೇಬೇಕು ಅನ್ನಿಸಿದೆ, ಆದರೆ ಇವರು "ನಿಮ್ಮಪ್ಪ ಒಪ್ಪದೆ ನಾನು ಹೋಗಲ್ಲ ಕಣೇ" ಎಂದು ಪಟ್ಟು ಹಿಡಿದರು. ಕೋಪ ಮಾಡಿಕೊಳ್ಳದೆ ಪೂರ್ತಿ ಓದಿ, ಅಪ್ಪಾ. ನೀವು ಈ ಸರೋವರದ ಕಚೇರಿಯಲ್ಲಿದ್ದಾಗ ಎರಡು ದೇಶಗಳ ಮೀಟಿಂಗ್ ಮುಗಿಸಿ ಬಂದು, ಚಪ್ಪಲಿ ಮೂಲೆಗೆ ಎಸೆದು, "ಸುಳ್ಳುಬುರುಕರು! ಕೊಳೆಯೆಲ್ಲ ನಮ್ಮದೇ ಅಂತೆ!" ಎನ್ನುತ್ತಿದ್ದಿರಿ. ಆಗ ಅವರ ನೀರನ್ನು ಅವರೇ ಪರೀಕ್ಷಿಸುತ್ತಿದ್ದರು, ನಮ್ಮದನ್ನು ನಾವೇ. ಎರಡೂ ಕಡೆ ನೀರು ಪರಿಶುದ್ಧ, ಮೀನು ಮಾತ್ರ ಸಾಯುತ್ತಿದ್ದವು! ಈಗ ಪದ್ಧತಿಯೇ ಬದಲಾಗಿದೆ. ನಮ್ಮ ದಡದ ನೀರನ್ನು ಅವರು ಪರೀಕ್ಷಿಸಬೇಕು, ಅವರದನ್ನು ನಾವು. ಅದಕ್ಕೇ ಈ ವರ್ಗ.

ಅಲ್ಲಿಂದ ಇಲ್ಲಿಗೆ ಬಂದಿರುವ ಕೆಮಿಸ್ಟ್ ಅಕ್ಕನನ್ನು ನೀವು ನೋಡಬೇಕು, ಎಂಥ ಹೆಂಗಸು! ನಮ್ಮ ಚರ್ಮದ ಕಾರ್ಖಾನೆಯ ಮೋರಿಯ ಬಾಯಲ್ಲೇ ಸೀಸೆ ಅದ್ದಿ, ಅದನ್ನು ನಮ್ಮ ದೊಡ್ಡ ಸಾಹೇಬರ ಮೂಗಿಗೆ ಹಿಡಿದು, "ಒಂದ್ಸಲ ಮೂಸಿ ಸಾರ್, ಆಮೇಲೆ ಜಗಳ ಆಡೋಣ" ಎಂದರಂತೆ. ಸಾಹೇಬರು ಕೆಮ್ಮುತ್ತಲೇ ಸಹಿ ಹಾಕಿದರಂತೆ. ಈಗ ಆ ಮೋರಿ ಸರೋವರಕ್ಕೆ ಬೀಳುವುದಿಲ್ಲ. ನೀರು ಶುದ್ಧ ಮಾಡುವ ತೊಟ್ಟಿ ಕಟ್ಟಿದ್ದಾರೆ. ಅದರ ಯಂತ್ರ ಕೊಟ್ಟವರು ಯಾರು ಗೊತ್ತೇ? ಆಚೆ ದಡದವರೇ! ನಿನ್ನೆ ದೋಣಿಕಟ್ಟೆಯ ಕೆಳಗೆ ಮೀನುಮರಿಗಳ ಹಿಂಡು ಕಂಡು ನಾನು ಕಿರುಚಿಬಿಟ್ಟೆ. "ಮೆಲ್ಲಗೆ ಕಣಮ್ಮಾ, ಹೆದರಿ ವಾಪಸ್ ಹೋದಾವು!" ಎಂದು ದೋಣಿ ನಡೆಸುವ ತಾತ ನಕ್ಕರು.

ನಾನು ನಿಮ್ಮ ಮಗಳೆಂದು ತಿಳಿದಾಗ ಆ ಅಕ್ಕ ಏನೆಂದರು ಗೊತ್ತೇ? "ನಿಮ್ಮಪ್ಪನ ಕಾಲದವರು ಬೈದಾಡ್ತಿದ್ರೂ ಮೀಟಿಂಗಿಗೆ ಬರೋದು ಬಿಡಲಿಲ್ಲ. ಅದಕ್ಕೇ ಇವತ್ತು ನಾವು ಒಂದೇ ದೋಣೀಲಿ ಹೋಗ್ತಿದ್ದೀವಿ." ಕೇಳಿದಿರಾ, ಅಪ್ಪಾ? ನೀವು ಇಷ್ಟು ದೊಡ್ಡವರೆಂದು ಮನೆಯಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ!

ಅಮ್ಮನಿಗೊಂದು ಗಟ್ಟಿ ಅಪ್ಪುಗೆ, ನಿಮಗೆ ಇಬ್ಬರ ನಮಸ್ಕಾರ.

ನಿಮ್ಮ
ಬಾಯಿಬಡುಕಿ

ತಾ.ಕ.: ಭಾನುವಾರ ಇವರು ನಿಮಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳುತ್ತಾರೆ. ಯಾಕೆ ಎಂದು ಮಾತ್ರ ಕೇಳಬೇಡಿ. ನೀವು ಒಪ್ಪಿದಿರಿ ಎಂದು ನಾನು ನಿನ್ನೆಯೇ ಹೇಳಿಬಿಟ್ಟೆ. ಅಷ್ಟರೊಳಗೆ ಒಪ್ಪಿಬಿಡಿ, ಅಪ್ಪಾ!