ಕುರಿ ಮಾರಿ ಬಂದ ವರ

ಬೇಡಕಿಹಾಳ
೯ ಫೆಬ್ರುವರಿ ೨೦೨೫

ಹಾಲೇಶ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ಸಿಟ್ಟು ಇಳಿಯುವ ಮೊದಲೇ ಈ ಪತ್ರ ಮುಗಿಯಬೇಕು.

ನಿನ್ನೆ ನೀನು ನಮ್ಮ ಪಡಸಾಲೆಯಲ್ಲಿ ಕುಳಿತು ಅಪ್ಪನಿಗೆ ಹೇಳಿದ್ದನ್ನು ಒಳಗಿನಿಂದ ಕೇಳಿದೆ. “ನೀವು ಅಂದಂಗ ಕುರಿ ಎಲ್ಲಾ ಮಾರೇನ್ರಿ ಸಾವಕಾರ. ಇನ್ನ ನಮ್ಮ ಮನ್ಯಾಗ ಕೊಲ್ಲೂ ಮಾತ ಇಲ್ಲ.” ಅಪ್ಪ, “ಬರೋಬ್ಬರಿ ಮಾಡಿದಿ ನೋಡಪಾ. ಕುಸುಮಾ, ಹುಡುಗಗ ಚಾ ತಾ,” ಎಂದು ಅವ್ವನನ್ನು ಕೂಗಿದರು. ಎರಡು ವರ್ಷ ಹೊಸ್ತಿಲ ಹೊರಗೇ ನಿಂತಿದ್ದ ನಿನಗೆ ಅವ್ವನ ಕೈಯ ಚಹಾ. ಎಷ್ಟು ಹಿಗ್ಗಿದೆ ನೀನು!

ಅರವತ್ತೆರಡು ಕುರಿಗಳನ್ನು ಒಂದೇ ಮುಂಜಾನೆ ಲಾರಿಗೆ ಹತ್ತಿಸಿದೆಯಲ್ಲ, ಆ ಲಾರಿ ಎಲ್ಲಿಗೆ ಹೋಯಿತು? ಸಾಕುವವರು ಒಂದೆರಡು ಕೊಳ್ಳುತ್ತಾರೆ. ಲಾರಿ ತುಂಬ ಕೊಳ್ಳುವವನು ಕಟುಕರಿಗೇ ಕೊಡುತ್ತಾನೆ. ಇದು ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ವರ್ಷಕ್ಕೆ ಹತ್ತು ಟಗರು ಮಾರುತ್ತಿದ್ದೆ. ಅದೇ ನನಗೆ ನುಂಗಲಾರದ ತುತ್ತಾಗಿತ್ತು. ಈಗ ನಮ್ಮ ಜೈನರ ಮನೆಯ ಅಹಿಂಸೆಗಾಗಿ ಬಸಿರು ಕುರಿಗಳೂ ಹೋದವು. ನಿನ್ನ ಅವ್ವ ಫೋನಿನಲ್ಲಿ ಒಂದೇ ಮಾತು ಕೇಳಿದರು: “ನಿಮ್ಮ ದೇವ್ರು ಇದಕ್ಕ ಹೂಂ ಅಂದಾನೇನ ತಂಗಿ?”

ನಾನು ಒಪ್ಪಿದ್ದು ಯಾರನ್ನು? ಗೊಬ್ಬರಕ್ಕೆಂದು ನಮ್ಮ ಹೊಲದಲ್ಲಿ ಕುರಿ ನಿಲ್ಲಿಸಿ, ನಾನು ಬಟ್ಟೆಯಲ್ಲಿ ನೀರು ಸೋಸುವುದನ್ನು ಕಂಡು, “ಏನ್ರಿ, ಹುಳಾ ಎಣಸಾಕತ್ತೀರೇನು?” ಎಂದು ಮೂರು ಹೊಲಕ್ಕೆ ಕೇಳುವಂತೆ ನಕ್ಕವನನ್ನು. ಮರುದಿನ ತಲೆಯ ರುಮಾಲು ಬಿಚ್ಚಿ ಅದರಲ್ಲೇ ನೀರು ಸೋಸಿ ಕುಡಿದವನನ್ನು. ನಿನ್ನೆ ಕುಳಿತಿದ್ದವನು ನನ್ನ ಹಾಗೆ ಮೆಲ್ಲಗೆ, ಅಳೆದು ಮಾತಾಡಿದ. ಅವನು ನನಗೆ ಬೇಡ. ನನ್ನಂಥವರು ಒಂದು ಸಂಸಾರಕ್ಕೆ ಒಬ್ಬರು ಸಾಕು.

ಮಾರುವ ಮೊದಲು ನನ್ನನ್ನೊಂದು ಮಾತು ಕೇಳಬೇಕೆಂದು ನಿನಗೆ ಅನ್ನಿಸಲೇ ಇಲ್ಲ.

ಲಗ್ನದ ತಾರೀಖು ನೋಡಬೇಡಿ ಎಂದು ಅಪ್ಪನಿಗೆ ಹೇಳಿದ್ದೇನೆ. ಕಾರಣ ಕೇಳಿದರು. ಲಾರಿ ಯಾವ ಊರಿಗೆ ಹೋಯಿತೆಂದು ನಾನು ಕೇಳಿದೆ. ಅವರು ಎದ್ದು ಹೊಲಕ್ಕೆ ಹೋದರು.

ತ್ರಿಶಲಾ

ತಾ.ಕ.: ಇಷ್ಟು ಬೈದ ಮೇಲೆ ಇದನ್ನೂ ಬರೆಯಬೇಕು. ದೀಪಾವಳಿಯಲ್ಲಿ, “ಅವ ಕುರಿ ಬಿಟ್ರ ಒಪ್ತೀರೇನ್ರಿ ಅಪ್ಪಾ?” ಎಂದು ಮೊದಲು ಕೇಳಿದವಳು ನಾನೇ. ಅಲ್ಲಿಯವರೆಗೆ ಅಪ್ಪನಿಗೆ ಆ ಷರತ್ತು ಹೊಳೆದೇ ಇರಲಿಲ್ಲ. ನಿನಗೆ ಹೇಳಲು ಮೂರು ತಿಂಗಳು ಧೈರ್ಯ ಸಾಲಲಿಲ್ಲ. ಇದನ್ನು ಓದಿದ ಮೇಲೂ ನಾನು ಬೇಕೆನಿಸಿದರೆ, ಬಂದು ಮೊದಲು ನನ್ನನ್ನು ಬೈ. ಜೋರಾಗಿ ಬೈ.