ಗಾಡಿಯಿಂದ ಇಳಿಯಬಾರದು

ಫೆಬ್ರವರಿ 18, ಸಂಜೆ

ಟೈರ್ ಅಂಗಡಿಯಿಂದ ಬಂದೆ. ಉಗುರಿನ ಕಪ್ಪು ಇನ್ನೂ ಹೋಗಿಲ್ಲ. ಅಡುಗೆಮನೆಯ ಮೇಜಿನ ತುಂಬ ಮತ್ತೆ ಅಕ್ಕನ ಪುಸ್ತಕ. ಅಮಾ ಒಂದೊಂದೇ ಎತ್ತಿ ಫ್ರಿಜ್ ಮೇಲೆ ಇಡುತ್ತಿದ್ದಳು. ತೊರ್ತಿಯಾ ರೊಟ್ಟಿ ಲಟ್ಟಿಸಲು ಜಾಗ ಬೇಕಲ್ಲ.

"ನರ್ಸ್ ಆದ್ಲು ಅಂತ ಬೀದಿಗೆಲ್ಲಾ ಊಟ ಹಾಕ್ದೆ. ಈಗ ಮತ್ತೆ ನರ್ಸ್ ಆಗೋಕೆ ಓದ್ತಾಳಂತೆ. ಹಂಗಾದ್ರೆ ಅವತ್ತು ಆಗಿದ್ದೇನು?"

ಒಳಗಿನಿಂದ ಅಕ್ಕ, ನೈಟ್ ಶಿಫ್ಟಿನ ನಿದ್ದೆಗಣ್ಣಲ್ಲೇ — "ಅದು ಎರಡು ವರ್ಷದ ನರ್ಸು ಅಮಾ. ಇದು ನಾಲ್ಕು ವರ್ಷದ್ದು."

"ಸೂಜಿ ಚುಚ್ಚಿದ್ರೆ ಇಬ್ರುದ್ದೂ ಒಂದೇ ನೋವು."

ನಗು ಬಂತು. ನಾನು ಹತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನು, ಯಾರ ಪರವೂ ಮಾತಾಡುವ ಹಾಗಿಲ್ಲ. ಆದರೆ ಅಕ್ಕನಿಗೆ ಇದು ಯಾಕೆ ಬೇಕು ಅಂತ ಗೊತ್ತು. ಊರಿನ ಕಮ್ಯೂನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಲೈಸೆನ್ಸ್ ತಗೊಂಡಳು, ಆಸ್ಪತ್ರೆ ಸೇರಿದಳು. ಈಗ ಕೌಂಟಿಯ ಆರೋಗ್ಯ ಇಲಾಖೆಯಲ್ಲಿ ಮನೆಮನೆಗೆ ಹೋಗುವ ನರ್ಸ್ ಕೆಲಸ ಖಾಲಿ ಇದೆ. ಅದು ಅಕ್ಕನಿಗೇ, ಮಾರಿಕ್ರೂಸ್‌ಗೇ ಅಂತ ಮಾತೂ ಆಗಿದೆ. ಆದರೆ ಜೂನ್ ಒಳಗೆ ಯೂನಿವರ್ಸಿಟಿ ಡಿಗ್ರಿ ಕೈಯಲ್ಲಿರಬೇಕು. ಉಳಿದಿರುವುದು ಒಂದೇ ಕೋರ್ಸ್.

ನಾವು ಚಿಕ್ಕವರಾಗಿ ಹೊಲದ ಕೂಲಿಗಳ ಕ್ಯಾಂಪಿನಲ್ಲಿದ್ದಾಗ ನೀಲಿ ಕಾರಿನಲ್ಲಿ ಒಬ್ಬ ನರ್ಸ್ ಬರುತ್ತಿದ್ದಳು. ಸ್ಟ್ರಾಬೆರಿ ಕೀಳುವವರ ಮಕ್ಕಳೆಲ್ಲ ಕಾರಿನ ಹಿಂದೆ ಓಡುತ್ತಿದ್ದೆವು. ಅವಳು ಕೂಸುಗಳನ್ನು ಬಟ್ಟೆಯ ಜೋಲಿಯಲ್ಲಿ ಹಾಕಿ ತೂಕ ನೋಡುವಾಗ ಜೋಲಿಯ ತುದಿ ಹಿಡಿಯುವುದು ಅಕ್ಕನೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಆಗಲೇ ಅಧಿಕಾರ.

ಮಾರ್ಚ್ 6

ಟೈರ್ ಅಂಗಡಿ ಬಿಟ್ಟೆ. ಬೇಜಾರು. ಅಮಾಗೆ ಇನ್ನೂ ಹೇಳಿಲ್ಲ.

ಅಕ್ಕನ ಟೀಚರ್ ಕೊಟ್ಟ ಕೆಲಸ ಕೇಳಿ ನಕ್ಕೆ. ಒಂದು ಕಾಲನಿ ಆರಿಸಿಕೊಂಡು ನಿಧಾನಕ್ಕೆ ಗಾಡಿ ಓಡಿಸಬೇಕಂತೆ. ಮುಂದಿನ ಗಾಜಿನಲ್ಲಿ ಕಂಡದ್ದನ್ನೆಲ್ಲ ಬರೆಯಬೇಕಂತೆ. ಮನೆ ಹೇಗಿದೆ, ನೀರು ಎಲ್ಲಿಂದ, ಅಂಗಡಿ ಎಷ್ಟು ದೂರ, ಮಕ್ಕಳು ಎಲ್ಲಿ ಆಡ್ತಾರೆ... ರೋಗಿಯನ್ನು ನೋಡುವ ಹಾಗೆ ಊರನ್ನು ನೋಡುವುದು.

"ಇದಕ್ಕೆ ಯೂನಿವರ್ಸಿಟಿ ಬೇಕಾ? ನಾನು ದಿನಾ ಮಾಡ್ತೀನಲ್ಲ," ಅಂದೆ.

"ನೀನು ಹುಡ್ಗೀರನ್ನ ನೋಡ್ತೀಯ. ಅದಕ್ಕೆ ಮಾರ್ಕ್ಸ್ ಇಲ್ಲ."

ಒಬ್ಬರು ಬರೆಯುವಾಗ ಇನ್ನೊಬ್ಬರು ಓಡಿಸಬೇಕು. ಅಕ್ಕನ ಜೊತೆಗಾತಿ ಲಿಗಾಯಗೆ ನಮ್ಮ ಪಿಕಪ್‌ನ ಗೇರ್ ಅಂದರೆ ಭಯ. ಹಾಗಾಗಿ ನಾನು. ಲಿಗಾಯ ಫಿಲಿಪೀನ್ಸ್‌ನವಳು, ಹೆಚ್ಚುಕಡಿಮೆ ಅಮಾ ವಯಸ್ಸು. ಇಬ್ಬರೂ ಕಮ್ಯೂನಿಟಿ ಕಾಲೇಜಿನಿಂದಲೂ ಒಂದೇ ಕ್ಲಾಸು. ಫೋನಿನಲ್ಲಿ ನನಗೂ ಪಾಠ ಮಾಡಿದಳು —

"ಕೇಳ್ಕೋ ಎಲೀಸೊ. ಗಾಡಿಯಿಂದ ಇಳಿಯೋ ಹಾಗಿಲ್ಲ. ಯಾರನ್ನೂ ಮುಟ್ಟೋ ಹಾಗಿಲ್ಲ. ಯಾರನ್ನೂ ಗಾಡಿಗೆ ಹತ್ತಿಸ್ಕೊಳ್ಳೋ ಹಾಗಿಲ್ಲ. ಅವತ್ತು ನಾವು ನರ್ಸ್‌ಗಳಲ್ಲ, ಬರೀ ಸ್ಟೂಡೆಂಟ್ಸು. ತಪ್ಪಿದ್ರೆ ಫೇಲು. ನಿಮ್ಮಕ್ಕನ ಮೇಲೆ ಕಣ್ಣಿಟ್ಟಿರು."

ಅಕ್ಕ ಆರಿಸಿದ್ದು ನಮ್ಮ ಹಳೇ ಕ್ಯಾಂಪ್. ಗೊತ್ತಿರುವ ಜಾಗ, ಸುಲಭ ಅಂತ.

ಮಾರ್ಚ್ 9, ಭಾನುವಾರ

ಸಮುದ್ರದ ಕಡೆಯಿಂದ ಮಂಜು. ಪಿಕಪ್‌ನಲ್ಲಿ ಮುಂದೆ ಮಾತ್ರ ಸೀಟು. ಕಿಟಕಿ ಪಕ್ಕ ಅಕ್ಕ, ಮಧ್ಯೆ ಲಿಗಾಯ ಮತ್ತು ಅವಳ ಚಿಪ್ಸ್.

ಕ್ಯಾಂಪಿನ ದಾರಿ ಇಷ್ಟು ಗಿಡ್ಡವೇ? ಸೈಕಲ್‌ನಲ್ಲಿ ಹೋದರೆ ಮುಗಿಯುತ್ತಲೇ ಇರಲಿಲ್ಲ.

ಅಕ್ಕ ಬರೆಯುತ್ತಾ ಹೋದಳು. ಬೀದಿದೀಪ ಇಲ್ಲ. ಕಾಲುದಾರಿ ಇಲ್ಲ. ಸಾಲಿಗೆಲ್ಲ ಹೊರಗೆ ಒಂದೇ ನಲ್ಲಿ. ನನಗೆ ಕಂಡದ್ದು ಬೇರೆ. ಆ ನಲ್ಲಿಯ ಪೈಪು ಬಿಸಿಲಿಗೆ ಬಿದ್ದು ಕಾದಿರುತ್ತಿತ್ತು. ಮೊದಲು ಬರುವ ನೀರು ಬಿಸಿ. ಅದು ಯಾರ ತಲೆಗೆ ಅಂತ ದಿನಾ ಜಗಳ. ಹೊಲದಿಂದ ಬಂದ ಅಮಾ ಮೊದಲು ಅಲ್ಲೇ ಕೈ ಮುಖ ತೊಳೆದು, ಅಂಗಿ ಬದಲಿಸಿ, ಆಮೇಲೇ ನಮ್ಮನ್ನು ಅಪ್ಪಿಕೊಳ್ಳುತ್ತಿದ್ದಳು. ಔಷಧ ಹೊಡೆದ ಹೊಲದ ಬಟ್ಟೆ, ಮಕ್ಕಳಿಗೆ ತಾಗಬಾರದು. ನಾವು ಎರಡು ಕೈ ಚಾಚಿ, ಮುಟ್ಟದೆ, ಸುತ್ತ ಕುಣಿಯುತ್ತಾ ಕಾಯುತ್ತಿದ್ದೆವು.

ಇದನ್ನೆಲ್ಲ ಯಾವ ಕಾಲಮ್ಮಿನಲ್ಲಿ ಬರೀತಾಳೆ ಅಂತ ಕೇಳಬೇಕೆಂದಿದ್ದೆ. ಅಷ್ಟರಲ್ಲಿ ಅವಳೇ —

"ಅದು ದೋನ್ ಕೂಕೊ ಅಲ್ವಾ?"

ಹೌದು. ಹಣ್ಣಿನ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಕೆಲಸಗಾರರ ಬಸ್ ಓಡಿಸುತ್ತಿದ್ದ ದೋನ್ ಕೂಕೊ. ಔಷಧ ಹೊಡೆಯುವ ವಿಮಾನ ಬಂದರೆ ಸೀಟಿ ಊದಿ ನಮ್ಮನ್ನೆಲ್ಲ ಒಳಗೆ ಅಟ್ಟುತ್ತಿದ್ದರು. ಬಸ್ಸಿನ ಇಂಜಿನ್ ಮೇಲೆ ತೊರ್ತಿಯಾ ಬಿಸಿ ಮಾಡಿ ಉಪ್ಪು ಉದುರಿಸಿ ಕೊಡುತ್ತಿದ್ದರು. ಅಪ್ಪ ಬಿಟ್ಟುಹೋದ ಮೇಲೆ ನಮಗೆ ಗಂಡಸು ಅಂತ ಇದ್ದವರು ಅವರೇ.

ಕಾಲು ಕಂಬದ ಹಾಗೆ ಊದಿತ್ತು. ಚಪ್ಪಲಿಯ ಪಟ್ಟಿ ಕತ್ತರಿಸಿ ಹಾಕಿಕೊಂಡಿದ್ದರು.

"ನಿಲ್ಲಿಸು," ಅಕ್ಕ.

"ನಿಲ್ಲಿಸ್ಬೇಡ," ಲಿಗಾಯ.

ನಿಲ್ಲಿಸಿದೆ.

ಅಕ್ಕ ಇಳಿದು ನೆಲದಲ್ಲಿ ಕೂತು ಅವರ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿದಳು. ತೆಗೆದ ಮೇಲೂ ಗುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನಲ್ಲಿ ಉಳಿದ ಹಾಗೆ.

"ದೋನ್ ಕೂಕೊ, ರಾತ್ರಿ ಮಲಗೋಕಾಗತ್ತಾ?"

"ಕೂತೇ ನಿದ್ದೆ ಮಾಡ್ತೀನಿ ಮಗಳೇ. ಬಸ್ ಡ್ರೈವರ್ ಅಲ್ವಾ ನಾನು?" ಇಷ್ಟು ಹೇಳಲು ಎರಡು ಸಲ ಉಸಿರೆಳೆದರು.

"ಹೃದಯದ ತೊಂದ್ರೆ. ನೀರು ತುಂಬ್ಕೊಂಡಿದೆ. ಇವತ್ತೇ ಆಸ್ಪತ್ರೆಗೆ ಹೋಗ್ಬೇಕು."

ಲಿಗಾಯ ಕಿಟಕಿಯಿಂದ ಕೂಗಿದಳು — "ಆಂಬುಲೆನ್ಸ್ ಕರಿ! ನೀನು ಮುಟ್ಬೇಡ!"

"ಆಂಬುಲೆನ್ಸ್ ಬಂದ್ರೆ ಬಾಗಿಲು ಹಾಕ್ಕೋತೀನಿ," ಅಂದರು ದೋನ್ ಕೂಕೊ. "ನನ್ನ ಹೆಂಡ್ತೀನ ತಗೊಂಡು ಹೋಯ್ತಲ್ಲ ಅದು, ವಾಪಸ್ ತಂದು ಬಿಡ್ಲಿಲ್ಲ. ಈ ಹುಡ್ಗನ ಗಾಡಿಲಾದ್ರೆ ಬರ್ತೀನಿ. ಹೆಂಗೆ ಓಡಿಸ್ತಾನೆ ನೋಡೋಣ."

ಅಕ್ಕ ಅವರ ಚಪ್ಪಲಿ ಸರಿ ಮಾಡಿದಳು. ಆಮೇಲೆ ಅವರ ತೋಳು ಹಿಡಿದು ಎಬ್ಬಿಸಿದಳು.

ಲಿಗಾಯ ಜಾಗ ಬಿಟ್ಟು ಹಿಂದೆ ಹತ್ತಿದಳು, ಹಳೇ ಟೈರುಗಳ ಮಧ್ಯೆ. ಆಸ್ಪತ್ರೆ ಬರುವ ತನಕ ತನ್ನ ಭಾಷೆಯಲ್ಲಿ ಬೈದಳು. ದೋನ್ ಕೂಕೊ ಬೈದದ್ದು ಮಾತ್ರ ನನ್ನನ್ನು — "ಕ್ಲಚ್ ಮೇಲಿಂದ ಕಾಲು ತೆಗಿಯೋ ಕತ್ತೆ."

ಮಾರ್ಚ್ 10

ಅವರನ್ನು ಅಡ್ಮಿಟ್ ಮಾಡಿಕೊಂಡರು. ಇನ್ನೊಂದು ದಿನ ತಡವಾಗಿದ್ದರೆ ಕಷ್ಟ ಇತ್ತು ಅಂದರಂತೆ ಡಾಕ್ಟರು.

ಅಡುಗೆಮನೆಯಲ್ಲಿ ಯುದ್ಧ. ಲಿಗಾಯ ಬಂದಿದ್ದಳು.

"ದೂರದಲ್ಲಿ ಒಬ್ರು ವಯಸ್ಸಾದವ್ರು ಕೂತಿದ್ರು ಅಂತ ಬರಿ. ಸುಳ್ಳೇನಲ್ಲ. ಅಲ್ಲಿಗೆ ಮುಗೀತು."

"ಶಿಫ್ಟ್ ಮುಗಿದ ಮೇಲೆ, ಮಾಡಿದ್ದನ್ನ ಬರೀದೆ ನಾನು ಯಾವತ್ತಾದ್ರೂ ಮನೆಗೆ ಬಂದಿದೀನಾ?"

"ಇದು ಆಸ್ಪತ್ರೆ ಅಲ್ಲ ತಾಯಿ, ಹೋಂವರ್ಕು!"

ಅಕ್ಕ ಬರೆದಳು. ವಾರ್ಡಿನಲ್ಲಿ ಬರೆಯುವ ಹಾಗೇ. ಕಾಲಿನ ಗುಳಿ ಎಷ್ಟು ಆಳ, ಉಸಿರು ಹೇಗಿತ್ತು, ಯಾರು ಯಾವ ಗಾಡಿಯಲ್ಲಿ ಕರೆದುಕೊಂಡು ಹೋದರು. ಕೊನೆಗೆ — ತೀರ್ಮಾನ ನನ್ನೊಬ್ಬಳದು, ಜೊತೆಗಾತಿ ಬೇಡವೆಂದಿದ್ದಳು.

"ನಿನ್ನ ಮೇಲೆ ನೀನೇ ಕಂಪ್ಲೇಂಟ್ ಬರೀತಿದೀಯ," ಅಂದೆ. "ಕೌಂಟಿ ಕೆಲಸ ಹೋಗತ್ತೆ."

"ಬರೀದೇ ಇದ್ದು ಆ ಕೆಲಸಕ್ಕೆ ಸೇರಿದ್ರೆ? ಅಲ್ಲಿ ದಿನಾ ಒಬ್ಬಳೇ ಹೋಗೋದು ಕಣೋ. ನಾನು ಬರೆದದ್ದನ್ನೇ ಎಲ್ರೂ ನಂಬ್ಬೇಕು."

ಲಿಗಾಯ ಚಿಪ್ಸ್ ಕೂಡ ಮುಟ್ಟದೆ ಹೋದಳು.

ಮಾರ್ಚ್ 14

ಆಸ್ಪತ್ರೆಗೆ ಹೋಗಿದ್ದೆವು. ದೋನ್ ಕೂಕೊ ಕಾಲು ಮತ್ತೆ ಕೋಳಿಕಾಲು. ಅಮಾ ಉಪ್ಪಿಲ್ಲದ ಸಾರು ತಂದಿದ್ದಳು.

"ಇದೇನು ಸಾರಾ, ಪಾತ್ರೆ ತೊಳೆದ ನೀರಾ?"

"ಬಾಯ್ಮುಚ್ಕೊಂಡು ಕುಡಿಯೋ ಮುದುಕ."

ಇಬ್ಬರೂ ಕ್ಯಾಂಪಿನ ಮಾತು ಶುರು ಮಾಡಿದರು. ಮಂಜಿನಲ್ಲಿ ಬಸ್ಸು ದಾರಿ ತಪ್ಪಿ ಆರ್ಟಿಚೋಕ್ ತರಕಾರಿಯ ಹೊಲಕ್ಕೆ ನುಗ್ಗಿದ್ದು. ಎಲ್ಲರೂ ಇಳಿದು ತಳ್ಳುತ್ತಾ ಹಾಡಿದ್ದು. ಅಮಾ ಹಾಡುತ್ತಿದ್ದಳಂತೆ! ನಮ್ಮ ಮುಂದೆ ಒಂದು ದಿನವೂ ಹಾಡಿಲ್ಲ. ಕೇಳಿದರೆ — "ಆಗ ಮೈಕೈ ನೋವು ಜಾಸ್ತಿ ಇತ್ತು, ಹಾಡ್ತಿದ್ದೆ." ಅಕ್ಕ ಕ್ಯಾಂಪಿನ ನಾಯಿಗಳಿಗೆಲ್ಲ ಬ್ಯಾಂಡೇಜ್ ಸುತ್ತಿದ್ದು, ಒಂದು ವಾರ ಎಲ್ಲ ನಾಯಿಗಳೂ ಸೈನ್ಯದಿಂದ ವಾಪಸ್ ಬಂದವರ ಹಾಗೆ ಓಡಾಡಿದ್ದು. ನರ್ಸ್‌ಗಳು ಬಂದು ಗಲಾಟೆ ಬೇಡ ಅಂದರು. ನಗುತ್ತಲೇ.

ಆಮೇಲೆ ದೋನ್ ಕೂಕೊ, ಯಾರಿಗೂ ಅಲ್ಲದ ಹಾಗೆ — "ನೀಲಿ ಕಾರಿನ ಆ ಹೆಂಗಸು... ಈಗ ಯಾರೂ ಬರಲ್ಲ ಕ್ಯಾಂಪಿಗೆ."

ಅಕ್ಕ ಡ್ರಿಪ್ ಸರಿ ಮಾಡಿದಳು. ಅದು ಸರಿಯಾಗೇ ಇತ್ತು.

ಏಪ್ರಿಲ್ 3, ಯೂನಿವರ್ಸಿಟಿ ಪಾರ್ಕಿಂಗ್

ಟೀಚರ್ ಕರೆಸಿದ್ದಾರೆ. ಅಕ್ಕ ಒಳಗೆ. ನಾನು ಗಾಡಿಯಲ್ಲಿ. ನನ್ನ ವಯಸ್ಸಿನವರೆಲ್ಲ ಬ್ಯಾಗ್ ಹಾಕಿಕೊಂಡು ಹೋಗುತ್ತಿದ್ದಾರೆ. ಯಾರೂ ಅವಸರದಲ್ಲಿಲ್ಲ.

ಬಂದಳು. "ಓಡಿಸು."

ಬೆಟ್ಟ ಇಳಿದೆವು. ಆಮೇಲೆ ಹೇಳಿದಳು. ಕೋರ್ಸ್ ಮತ್ತೆ ಮಾಡಬೇಕು. ಸೆಪ್ಟೆಂಬರ್‌ನಲ್ಲಿ. ಲಿಗಾಯ ಪಾಸು.

"ಆಯಮ್ಮಂಗೆ ಕರುಣೆ ಇಲ್ವಾ?"

"ಅವ್ರ ಕಣ್ಣಲ್ಲಿ ನೀರಿತ್ತು ಕಣೋ. 'ನೀನು ನೋಡಿದ್ದು ಸರಿ, ಆದ್ರೆ ಮುಂದಿನ ಸ್ಟೂಡೆಂಟ್ ಹಿಂಗೇ ಒಬ್ರನ್ನ ಗಾಡಿಗೆ ಹಾಕ್ಕೊಂಡು, ದಾರೀಲಿ ಜೀವ ಹೋದ್ರೆ ಏನು ಮಾಡ್ಲಿ?' ಅಂದ್ರು. ಅದೂ ಸರಿನೇ."

ಸ್ವಲ್ಪ ದೂರ ಹೋದ ಮೇಲೆ — "ಲಿಗಾಯ ಬೇಡ ಅಂದ್ಲಲ್ಲ, ನೀನ್ಯಾಕೋ ನಿಲ್ಸಿದೆ?"

"ನನ್ನ ಸೈಕಲ್ ಚೈನ್ ಬಿದ್ರೆ ಅವ್ರು ಬಸ್ ನಿಲ್ಸಿ ಇಳೀತಿದ್ರಲ್ಲ. ಬಸ್ ತುಂಬ ಜನ ಬೈತಿದ್ರೂ."

ಅಕ್ಕ ಅತ್ತಳೋ ನಕ್ಕಳೋ. ನಾನು ರಸ್ತೆ ನೋಡುತ್ತಿದ್ದೆ.

ಅದೇ ದಿನ, ಊಟದ ಹೊತ್ತು

ಅಮಾ — "ಪಾಸಾ?"

"ಇಲ್ಲ ಅಮಾ."

ಈರುಳ್ಳಿ ಹೆಚ್ಚುವುದು ನಿಲ್ಲಿಸಲಿಲ್ಲ. "ಮುದುಕ ಮನೆಗೆ ಬಂದ್ನಾ?"

"ಬಂದ್ರು."

"ಆ ಟೀಚರಮ್ಮ ಒಳ್ಳೇವಳಾ?"

"ಒಳ್ಳೇವ್ರೇ."

"ಒಳ್ಳೇವಳಂತೆ!" ಬಾಣಲೆಯನ್ನು ಒಲೆಯ ಮೇಲೆ ಕುಕ್ಕಿದ ಸದ್ದಿಗೆ ಪಕ್ಕದ ಮನೆಯವರು ಗೋಡೆ ಬಡಿದರು.

ಮೇ 17

ಲಿಗಾಯಳ ಗ್ರಾಜುಯೇಶನ್. ಅಮಾ ತಮಾಲೆ ಕಡುಬು ಮಾಡಿಕೊಟ್ಟಳು. ಮೆಕ್ಕೆಜೋಳದ ಸಿಪ್ಪೆ ಸುತ್ತಲು ನನ್ನನ್ನೂ ಕೂರಿಸಿದಳು. ಲಿಗಾಯ ತನ್ನ ಚಪ್ಪಟೆ ಟೋಪಿ ತೆಗೆದು ಅಕ್ಕನ ತಲೆಗೆ ಇಟ್ಟಳು. ಫೋಟೋಗೆ. ಅಕ್ಕ ನಕ್ಕು, ತೆಗೆದು, ಕೈಯಿಂದ ಧೂಳು ಒರೆಸಿ ವಾಪಸ್ ಕೊಟ್ಟಳು. ಧೂಳೇನೂ ಇರಲಿಲ್ಲ.

ಅಕ್ಕ ಕಮ್ಯೂನಿಟಿ ಕಾಲೇಜು ಮುಗಿಸಿದ ದಿನ ನೆನಪಾಯಿತು. ಜಿಮ್ಮಿನಲ್ಲಿ ಕುರ್ಚಿ ಹಾಕಿದ್ದರು. ನರ್ಸ್‌ಗಳ ಅಂಗಿಗೆ ಮನೆಯವರೇ ಬ್ಯಾಡ್ಜಿನ ಪಿನ್ ಚುಚ್ಚಬೇಕು. ಅಮಾಳ ಬೆರಳಿಗೆ ಸ್ಟ್ರಾಬೆರಿಯ ಕಲೆ, ಕಣ್ಣು ಕ್ಯಾಮರಾದ ಕಡೆ. ಅಕ್ಕನ ಮೈಗೇ ಚುಚ್ಚಿದಳು. ಅಕ್ಕ ಕಿರುಚಲಿಲ್ಲ. ಆ ದಿನ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು.

ಜುಲೈ 8

ಕೌಂಟಿಯ ಹೊಸ ನರ್ಸ್ ಬೇರೆ ಊರಿನವಳು. ಬಿಳೀ ಕಾರು. ಕ್ಯಾಂಪಿನ ದಾರಿ ಕೇಳಿಕೊಂಡು ಅಕ್ಕನ ವಾರ್ಡಿಗೇ ಬಂದಳಂತೆ. ಅಕ್ಕ ದಾರಿ ಹೇಳಿದಳಂತೆ. ಯಾವ ಮನೆಯಲ್ಲಿ ಹಸುಗೂಸಿದೆ, ಯಾರಿಗೆ ಉಪ್ಪು ಕೊಡಬಾರದು, ಎಲ್ಲ.

"ಹೊಟ್ಟೆ ಉರೀಲಿಲ್ವಾ?"

"ಉರೀತು. ಹೇಳ್ದೆ."

ಸೆಪ್ಟೆಂಬರ್ 14, ಭಾನುವಾರ, ಗಾಡಿಯಲ್ಲಿ

ಮತ್ತೆ ಅದೇ ಕೋರ್ಸ್, ಅದೇ ಕೆಲಸ. ಈ ಸಲ ಜಾಗ ಟೀಚರ್‌ದೇ ಆಯ್ಕೆ. ಗುರುತಿನವರು ಯಾರೂ ಇರಬಾರದು ಅಂತ. ಸಮುದ್ರ ಕಾಣುವ ಗುಡ್ಡದ ಮೇಲಿನ ಬಂಗಲೆಗಳು. ಗೇಟು, ಗೇಟು, ಗೇಟು. ಕಾಲುದಾರಿ ಇದೆ, ನಡೆಯುವವರಿಲ್ಲ. ಅಕ್ಕ ನಕ್ಷೆ ನೋಡುತ್ತಿದ್ದಾಳೆ. ನಿಲ್ಲಿಸಿಕೊಂಡು ಬರೆಯುತ್ತಿದ್ದೇನೆ.

ಎದುರಿನ ವರಾಂಡಾದಲ್ಲಿ ಒಬ್ಬ ಅಜ್ಜಿ. ಕುರ್ಚಿಯಲ್ಲಿ. ಕುತ್ತಿಗೆ ಒಂದು ಕಡೆ ವಾಲಿದೆ.

"ನಿದ್ದೆ ಅಲ್ವಾ?" ಅಕ್ಕ ಕೇಳಿದಳು.

"ನಿದ್ದೆನೇ. ಬಿಸಿಲು ಕಾಯ್ತಿದಾರೆ."

"ಹೂಂ. ಬಿಸಿಲು."

ಬರೆದಳು. ಮತ್ತೆ ತಲೆ ಎತ್ತಿದಳು. "ಇಂಜಿನ್ ಆಫ್ ಮಾಡು."

ಆಫ್. ನೋಡುತ್ತಿದ್ದೇವೆ, ಗಾಜಿನಿಂದ. ಅಜ್ಜಿಯ ಕೈಯಿಂದ ಕಾಫಿ ಕಪ್ ಜಾರಿ ಬಿತ್ತು. ಕೈ ಹಾಗೇ ಜೋತಿದೆ. ಅಕ್ಕ ಫೋನ್ ನನ್ನ ತೊಡೆ ಮೇಲೆ ಹಾಕಿದಳು — "ಆಂಬುಲೆನ್ಸ್‌ಗೆ ನೀನು ಮಾಡು." ಅವಳ ಇನ್ನೊಂದು ಕೈ ಬಾಗಿಲ ಹಿಡಿಯ ಮೇಲೆ. ನನ್ನ ಕಡೆ ನೋಡಿದಳು. ನಾನು ಪೆನ್ನು ಕೆಳಗಿಟ್ಟು ಫೋನ್ ಎತ್ತಿಕೊಳ್ಳುತ್ತಿದ್ದೇನೆ.