ಬಾಯಿಗೆ ಬಂದ ಪದಗಳ ನೋಟ್‌ಬುಕ್

೧೦-೬-೨೦೧೯, ಸೋಮವಾರ. ಬೆಳಿಗ್ಗೆ ೭
ಕಾಫಿ ಆಯಿತು. ಬಿಪಿ ಮಾತ್ರೆ ಆಯಿತು. ಅಟ್ಟದ ಟ್ರಂಕ್ ಇಳಿಸಬೇಕು — ಬುಧವಾರ ತಾಹೇರಾ ಬರುತ್ತಾಳಂತೆ. ಬೊಂಬೆ ಮಾಡುವ ಇದ್ರೀಸ್ ಸಾಹೇಬರ ಮಗಳು, ನನ್ನ ಏಳನೇ ಕ್ಲಾಸಿನ ಹುಡುಗಿ. ಈಗ ರಾಮನಗರದಲ್ಲಿ ಕನ್ನಡ ಲೆಕ್ಚರರ್. ಆಡುಮಾತು ಹೇಗೆ ಬದಲಾಗುತ್ತದೆ ಎಂದು ಪಿಎಚ್.ಡಿ. ಬೇರೆ. ಅವಳಿಗೆ ನನ್ನ ಹಳೆಯ ನೋಟ್‌ಬುಕ್ ಬೇಕಂತೆ, ಕಾಲೇಜಿನಲ್ಲಿ ತೋರಿಸುವುದಕ್ಕೆ.

ಅದು ಶಿಕ್ಷೆಯ ಪುಸ್ತಕ. ಚನ್ನಪಟ್ಟಣದ ಶಾಲೆಯಲ್ಲಿ ಮೂವತ್ತು ವರ್ಷ ನಡೆಸಿದೆ. ಕ್ಲಾಸಿನಲ್ಲಿ ಯಾರ ಬಾಯಿಂದ ಬೀದಿ ಪದ ಬಂದರೂ ಅವರೇ ಎದ್ದು ಬಂದು ಅದನ್ನು ಬರೆದು, ಅರ್ಥ ಬರೆದು, ಸಹಿ ಹಾಕಬೇಕು. ನಾಚಿಕೆಯಾಗಲಿ ಎಂದು.

೧೧-೬, ಮಂಗಳವಾರ
ಓದುತ್ತಾ ಕುಳಿತೆ. ಸಾರು ಸೀದುಹೋಯಿತು.

೧೯೭೭, ಕೃಷ್ಣಪ್ಪ: "ಬೊಂಬಾಟ್ — ಬೋ ಚೆನ್ನಾಗೈತೆ ಅಂತ." ೧೯೯೮, ಮುಕ್ತಿಯಾರ್: "ಗುರು — ಮೇಷ್ಟ್ರಲ್ಲ ಮೇಡಂ, ಪಕ್ಕದ ಬೆಂಚಿನವನು." ೨೦೦೫ರ ಹೊತ್ತಿಗೆ: "ಮಗಾ — ಮಗ ಅಲ್ಲ, ಫ್ರೆಂಡು." ಒಬ್ಬಳೇ ನಕ್ಕೆ. ನಮ್ಮಮ್ಮನ "ಭೇಷ್", ನನ್ನ ಕಾಲದ "ಫಸ್ಟ್ ಕ್ಲಾಸ್" — ಎಲ್ಲಿ ಹೋದವೋ. ನಾನು ಮೂಗು ಮುರಿದ ಪದಗಳೆಲ್ಲ ಇಲ್ಲಿ ತಾರೀಕಿನ ಸಮೇತ ಕುಳಿತಿವೆ. ಹೆಮ್ಮೆಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಹೆಮ್ಮೆಯಾಯಿತು.

ಮತ್ತೆ ಹಿಂದಕ್ಕೆ ತಿರುವಿದೆ. ಪುಟ ೪೧. ೧೯೯೧, ತಾಹೇರಾ: "ಸಖತ್ — ಚೆನ್ನಾಗೈತೆ ಅಂತ. ನಮ್ಮನೇಲಿ ಸಖ್ತ್ ಅಂದ್ರೆ ಗಟ್ಟಿ. ಮರ ಸಖ್ತ್ ಇದ್ರೆ ಅಬ್ಬಾ ಬೈಕೋತಾರೆ. ಗಟ್ಟಿ ಅನ್ನೋದು ಚೆನ್ನಾಗೈತೆ ಅಂತ ಹೆಂಗಾಯ್ತು ಮೇಡಂ?"

ಅದರ ಮೇಲೆ ನನ್ನ ಕೆಂಪು ಗೀಟು. ಪಕ್ಕದಲ್ಲಿ: "ಅಧಿಕಪ್ರಸಂಗ. ಸೊನ್ನೆ."

ಹನ್ನೆರಡು ವರ್ಷದ ಮಗು. ಎಂಥ ಪ್ರಶ್ನೆ... ಇದನ್ನು ಇಡೀ ಕಾಲೇಜು ನೋಡಬೇಕೆ? ಬ್ಲೇಡಿನಿಂದ ಹಾಳೆ ಕುಯ್ದು ಬೀರುವಿನಲ್ಲಿಟ್ಟೆ.

೧೨-೬, ಬುಧವಾರ. ಸಂಜೆ
ಬಂದಳು. ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದಳು, ಬೇಡ ಎಂದೆ. ಪುಟ ತಿರುವಿದಳು, ನಕ್ಕಳು, ಮತ್ತೆ ತಿರುವಿದಳು. ಆಮೇಲೆ ಅವಳ ಕೈ ನಿಂತಿತು.

"ನಲವತ್ತೊಂದು ಇಲ್ವಲ್ಲ ಮೇಡಂ."
"ಇಲಿ ತಿಂದಿರಬೇಕಮ್ಮ."
"ಇಲಿ ಇಷ್ಟು ನೆಟ್ಟಗೆ ಕುಯ್ಯಲ್ಲ ಮೇಡಂ."

ನಾನು ಒಲೆಯ ಕಡೆ ಹೋದೆ. ಅವಳು ಹಿಂದೆಯೇ ಬಂದಳು.

"ನಾನು ಬಂದಿದ್ದೇ ಆ ಹಾಳೆಗೆ. ಅವತ್ತು ಅಳ್ತಾ ಹೋಗಿ ಅಬ್ಬನ್ನ ಕೇಳ್ದೆ. ಅವರಿಗೂ ಗೊತ್ತಿರ್ಲಿಲ್ಲ. ಸಂತೇಲಿ ಕೇಳ್ದೆ, ಬಸ್ಸಲ್ಲಿ ಕೇಳ್ದೆ. ಇವತ್ತಿಗೂ ಅದನ್ನೇ ಕೇಳ್ಕೊಂಡು ಓಡಾಡ್ತೀನಿ. ಸಂಬಳ ಬೇರೆ ಕೊಡ್ತಾರೆ."

ಹಾಳೆ ಕೊಡಲಿಲ್ಲ. ಕೈ ಬರಲಿಲ್ಲ. ಹಾಳೆ ಇಲ್ಲದ ನೋಟ್‌ಬುಕ್ ಅವಳೂ ಒಯ್ಯಲಿಲ್ಲ; ೨೨ಕ್ಕೆ ಕಾಲೇಜಿನಲ್ಲಿ ಸಭೆ, ಬನ್ನಿ ಎಂದು ಕರೆದು ಹೋದಳು.

೨೨-೬, ಶನಿವಾರ
ರಾಮನಗರದಿಂದ ಈಗ ಬಂದೆ. ಕಾಲು ಊದಿದೆ.

ಹಾಳೆಯನ್ನು ಪರ್ಸಿನಲ್ಲಿ ಒಯ್ದಿದ್ದೆ. ಮಾತಾಡಿ ಎಂದು ಮೈಕ್ ಕೊಟ್ಟಾಗ ತೆಗೆದು ಓದಿಬಿಟ್ಟೆ — ಅವಳ ಪ್ರಶ್ನೆ, ನನ್ನ ಸೊನ್ನೆ, ಎರಡೂ. "ಇವಳು ಕೇಳಿದ್ದು ಸರಿ. ನನಗೆ ಉತ್ತರ ಗೊತ್ತಿರಲಿಲ್ಲ. ಅದಕ್ಕೆ ಗದರಿದೆ" ಎಂದೆ.

ತಾಹೇರಾ ಎದ್ದು ಬೋರ್ಡಿನ ಹತ್ತಿರ ಹೋದಳು. ಗಟ್ಟಿ ಇದ್ದದ್ದು ಜೋರು ಆಯಿತು, ಜೋರು ಇದ್ದದ್ದು ಬಹಳ ಆಯಿತು, ಬಹಳ ಇದ್ದದ್ದು ಚೆನ್ನ ಆಯಿತು — ಒಂದೊಂದಕ್ಕೂ ಯಾವ ಊರಲ್ಲಿ, ಯಾರ ಬಾಯಲ್ಲಿ ಕೇಳಿದಳೋ ಅದನ್ನೂ ಹೇಳಿದಳು. ಮುಂದಿನ ಸಾಲಿನಲ್ಲಿ ಕೈ ಕಟ್ಟಿ ಕುಳಿತು ಪಾಠ ಕೇಳಿದೆ. ಪಕ್ಕದಲ್ಲಿದ್ದವರಿಗೆಲ್ಲ ಹೇಳಿದೆ, ನನ್ನ ವಿದ್ಯಾರ್ಥಿನಿ ಎಂದು. ಎರಡೆರಡು ಸಲ ಹೇಳಿದೆ.

೨೪-೬, ಸೋಮವಾರ. ಬೆಳಿಗ್ಗೆ ೬
ಹಾಳೆಯನ್ನು ಗೋಂದು ಹಚ್ಚಿ ಅದರ ಜಾಗದಲ್ಲಿ ಅಂಟಿಸಿದೆ. ಹತ್ತು ಗಂಟೆಗೆ ತಾಹೇರಾ ನೋಟ್‌ಬುಕ್ ಒಯ್ಯಲು ಬರುತ್ತಾಳೆ. ಸೊನ್ನೆ ಹೊಡೆದುಹಾಕಿ ಹತ್ತಕ್ಕೆ ಹತ್ತು ಎಂದು ಬರೆದೆ. ಸಹಿ ಹಾಕಿದೆ. ತಾರೀಕು ಮಾತ್ರ... ಅಂದಿನದು ಹಾಕಲೋ, ಇವತ್ತಿನದೋ —